ಲೋಪಸಂಧಿಯೂ ತಂತ್ರಾಂಶಗಳ ವಿಸರ್ಜನೆಯೂ

ಕನ್ನಡ ವ್ಯಾಕರಣದಲ್ಲಿ ಲೋಪಸಂಧಿಗೆ ಒಂದು ಕಟ್ಟಳೆಯುಂಟು. ಸ್ವರಕ್ಕೆ ಸ್ವರವು ಪರವಾದಾಗ, ಅರ್ಥವು ಕೆಡದಿದ್ದರೆ ಮಾತ್ರ ಪೂರ್ವಸ್ವರವು ಲೋಪವಾಗತಕ್ಕದ್ದು. ‘ಮಾತು’ ಎಂಬುದಕ್ಕೆ ‘ಇಲ್ಲ’ ಸೇರಿದರೆ ‘ಮಾತಿಲ್ಲ’ ಎಂದಾಗುವುದು. ಉಕಾರವು ಹೋದರೂ ಅರ್ಥಹಾನಿಯಿಲ್ಲ. ‘ಗುರು’ ಎಂಬುದಕ್ಕೆ ‘ಅನ್ನು’ ಸೇರಿದಾಗಲಾದರೋ ಉಕಾರವನ್ನು ತೆಗೆದರೆ ‘ಗುರನ್ನು’ ಎಂಬ ಅಪಶಬ್ದವುಳಿಯುವುದು. ಆದಕಾರಣ ಅಲ್ಲಿ ವಕಾರವು ಬಂದು ‘ಗುರುವನ್ನು’ ಎಂದಾಗುವುದು. ತೆಗೆಯುವ ಮೊದಲು ಅರ್ಥವನ್ನು ವಿಚಾರಿಸಬೇಕೆಂಬ ಈ ವಿವೇಕವು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿಯೂ ಅವಶ್ಯಕ.

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಅದರ ಪದ್ಧತಿಯನ್ನನುಸರಿಸಿ 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸನ್ನು ಆರಂಭಿಸಿದರು. 1993ರಲ್ಲಿ ಇಯಾನ್ ಮರ್ಡಾಕ್ ಅವರು ಡೆಬಿಯನ್ ಎಂಬ ಸಂಕಲನಕ್ಕೆ ತೊಡಗಿದರು. ಇದರಲ್ಲಿ ತಂತ್ರಾಂಶಗಳು ‘ಪ್ಯಾಕೇಜ್’ ಎಂಬ ಕಟ್ಟುಗಳಾಗಿ ಬರುತ್ತವೆ. ಕಟ್ಟನ್ನು ಬಿಚ್ಚಿದೊಡನೆ ಅದರ ಕಡತಗಳು ಹಲವೆಡೆ ಹಂಚಿಹೋಗುತ್ತವೆ. ಯಾವುದು ಎಲ್ಲಿ ಸೇರಿತೆಂಬುದನ್ನು ‘ಡಿಪಿಕೆಜಿ’ ಎಂಬ ವ್ಯವಸ್ಥಾಪಕವು ತನ್ನ ದಾಖಲೆಯಲ್ಲಿ ಬರೆದಿಡುತ್ತದೆ. ಕಡತಗಳನ್ನು ಕೈಯಿಂದಲೇ ಅಳಿಸುವುದು, ಗ್ರಂಥಾಲಯದ ಪುಸ್ತಕವನ್ನು ಹೊರಹಾಕಿ ದಾಖಲೆಯಲ್ಲಿ ಅದರ ಹೆಸರನ್ನು ಹಾಗೆಯೇ ಬಿಟ್ಟಂತೆ. ಆದ್ದರಿಂದ ವ್ಯವಸ್ಥಾಪಕದ ಮೂಲಕವೇ ತೆಗೆಯುವುದು ಮೊದಲ ನಿಯಮ.

ತೆಗೆಯುವುದರಲ್ಲಿ ಎರಡು ಬಗೆ. ಶ್ರೀರಂಗಪಟ್ಟಣ, ಪಾಂಡವಪುರಗಳ ನೀರಾವರಿ ಬಯಲಿನ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಬ್ಬನ್ನು ಕಡಿದರೂ ನೆಲದಲ್ಲಿ ಕೂಳೆಯುಳಿದು ಮತ್ತೆ ಚಿಗುರುತ್ತದೆ. ‘ಆಪ್ಟ್ ರಿಮೂವ್’ ಎಂಬ ಆಜ್ಞೆಯು ಕಬ್ಬನ್ನು ಕಡಿದಂತೆ. ಕಾರ್ಯಕ್ರಮವು ಹೋದರೂ ಅದರ ವ್ಯವಸ್ಥಾ ಕಡತಗಳು ಉಳಿದು, ಮರಳಿ ಸ್ಥಾಪಿಸಿದಾಗ ಹಿಂದಿನ ಏರ್ಪಾಡುಗಳನ್ನೇ ಒದಗಿಸುತ್ತವೆ. ‘ಆಪ್ಟ್ ಪರ್ಜ್’ ಎಂಬುದು ಕೂಳೆಯನ್ನೂ ಅಗೆದು ತೆಗೆದಂತೆ. ಕೂಳೆ ಬೆಳೆ ಬೇಕೆನ್ನುವವನು ಮೊದಲನೆಯದನ್ನೂ, ನಾಗಮಂಗಲದ ಹೊಲದಂತೆ ರಾಗಿಗೆ ಹದಮಾಡಬೇಕೆನ್ನುವವನು ಎರಡನೆಯದನ್ನೂ ಆರಿಸತಕ್ಕದ್ದು. ವಿದ್ಯಾರ್ಥಿಗಳ ಸ್ವಂತ ಕೋಶಗಳಲ್ಲಿರುವ ಕಡತಗಳನ್ನು ಮಾತ್ರ ಎರಡನೆಯದೂ ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಇನ್ನು ಅರ್ಥಹಾನಿಯ ವಿಚಾರ. ಡೆಬಿಯನ್ನಿನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬುದೊಂದು ಕಟ್ಟುಂಟು. ಅದರೊಳಗೆ ಅಕ್ಷರಗಳಿಲ್ಲ, ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಲಿಪಿವಿನ್ಯಾಸಗಳ ಕಟ್ಟುಗಳನ್ನು ಒಟ್ಟಿಗೆ ತರಿಸುವುದಷ್ಟೇ ಅದರ ಕೆಲಸ. ಜಾಗ ಉಳಿಯಲೆಂದು ಯಾರಾದರೂ ಗುಬ್ಬಿಯೊಂದನ್ನೇ ತೆಗೆಯಹೊರಟರೆ, ಅದನ್ನವಲಂಬಿಸಿದ ಸಮೂಹದ ಕಟ್ಟೂ ಹೋಗುತ್ತದೆ. ಆಗ ಸಮೂಹದ ನಿಮಿತ್ತವಾಗಿ ಬಂದಿದ್ದ ನವಿಲು, ಲೋಹಿತ್‌ಗಳು ಯಾರಿಗೂ ಬೇಡವಾದವುಗಳೆಂದು ಗಣನೆಗೆ ಬರುತ್ತವೆ. ಬಳಿಕ ‘ಆಪ್ಟ್ ಆಟೋರಿಮೂವ್’ ಎಂದರೆ ಅವೂ ಹೊರಡುವುವು. ಬೇರೆ ಕನ್ನಡ ಲಿಪಿವಿನ್ಯಾಸವಿಲ್ಲದಿದ್ದರೆ, ಮಕ್ಕಳು ಬರೆದ ಪ್ರಬಂಧದಲ್ಲಿ ಅಕ್ಷರಗಳಿಗೆ ಬದಲಾಗಿ ಬರಿಯ ಚೌಕಗಳು ಕಾಣುವುವು. ಇದೇ ನಮ್ಮ ‘ಗುರನ್ನು’.

ಇದನ್ನು ತಪ್ಪಿಸಲು ಕ್ರಮವಿದೆ. ‘ಆಪ್ಟ್-ಗೆಟ್’ ಆಜ್ಞೆಗೆ ‘ಸಿಮ್ಯುಲೇಟ್’ ಎಂಬ ಸೂಚನೆಯನ್ನು ಸೇರಿಸಿದರೆ, ಏನನ್ನೂ ತೆಗೆಯದೆ, ಏನೇನು ಹೋಗುವುದೆಂಬ ಪಟ್ಟಿಯನ್ನಷ್ಟೇ ತೋರಿಸುತ್ತದೆ. ಅದನ್ನು ಕಡೆಯವರೆಗೂ ಓದಬೇಕು. ಉಳಿಯಬೇಕಾದವನ್ನು ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಗುರುತಿಸಿದರೆ ಅವು ‘ಬೇಕಾದವು’ ಎಂದು ದಾಖಲಾಗುತ್ತವೆ. ಅನಂತರವೇ ತೆಗೆಯಬೇಕು. ಕೊನೆಗೆ ‘ಡಿಪಿಕೆಜಿ’ಯ ಪಟ್ಟಿಯನ್ನು ನೋಡಿದರೆ, ‘ಆರ್‌ಸಿ’ ಎಂಬ ಗುರುತುಳ್ಳವು ಕೂಳೆಯುಳಿದ ಕಟ್ಟುಗಳೆಂದು ತಿಳಿಯುವುದು.

ಕೃಷ್ಣರಾಜಪೇಟೆಯೇ ಆಗಲಿ, ನಾಗಮಂಗಲವೇ ಆಗಲಿ, ದಾನಿಗಳು ಶಾಲೆಗೆ ಯಂತ್ರವನ್ನು ಕೊಡುವುದು ಮಕ್ಕಳು ತಮ್ಮ ನುಡಿಯಲ್ಲಿ ಓದಿ ಬರೆಯಲೆಂದು. ಆ ಯಂತ್ರಕ್ಕೆ ಹೊಸದನ್ನು ಸೇರಿಸುವ ಉತ್ಸಾಹ ಎಲ್ಲರಿಗೂ ಇರುವುದು. ತೆಗೆಯುವ ಹೊಣೆಯನ್ನು ಮಾತ್ರ, ಪಟ್ಟಿಯನ್ನು ಪೂರ್ತಿ ಓದುವ ತಾಳ್ಮೆಯುಳ್ಳ ಒಬ್ಬ ಉಪಾಧ್ಯಾಯರಿಗೆ ವಹಿಸುವುದು ಯುಕ್ತ.