ನಕ್ಷೆಯಲ್ಲಿಲ್ಲದ ನಾಡಿಗೊಂದು ಸೈನ್ಯ: ಬಣ್ಣ ಹಚ್ಚುವ ಬಗೆ

ದೀಪಾವಳಿ ಹತ್ತಿರವಾದರೆ ಕಲ್ಯಾಣದ ಬಳಿಯ ವಿಠ್ಠಲವಾಡಿಯ ಚಾಳು, ಸೊಸೈಟಿಗಳ ಅಂಗಳದಲ್ಲಿ ಮಕ್ಕಳು ಮಣ್ಣು ಕಲಸತೊಡಗುತ್ತಾರೆ. ಕಲ್ಲು, ಇಟ್ಟಿಗೆ ಪೇರಿಸಿ, ಗೋಣಿತಾಟು ಹೊದಿಸಿ, ಮಣ್ಣು ಮೆತ್ತಿ, ಸಾಸಿವೆ ಚೆಲ್ಲಿ ಹಸಿರು ಬರಿಸುತ್ತಾರೆ. ತುದಿಯಲ್ಲಿ ಶಿವಾಜಿ ಮಹಾರಾಜರು, ಬುರುಜುಗಳಲ್ಲಿ ಮಾವಳೆ ಸೈನಿಕರು. ಇದು ಮಹಾರಾಷ್ಟ್ರದ ‘ಕಿಲ್ಲಾ’, ಎಂದರೆ ಕೋಟೆ. ನವರಾತ್ರಿಗೆ ಗೊಂಬೆ ಕೂರಿಸುವ ಇಲ್ಲಿನ ಕನ್ನಡದ ಮನೆಗಳ ಮಕ್ಕಳಿಗೆ ಎರಡೂ ಸಂಭ್ರಮ ಸಿಗುತ್ತವೆ. ವಿಜಯದಶಮಿಯಿಂದ ದೀಪಾವಳಿ ಅಮಾವಾಸ್ಯೆಗೆ ಸುಮಾರು 20 ದಿನ. ಹತ್ತು ಹನ್ನೆರಡು ಸೈನಿಕರ ಪುಟ್ಟ ಪಡೆ ಸಿದ್ಧಪಡಿಸಲು ಅಷ್ಟು ಸಾಕು. ಮಹಾರಾಜರ ಕೋಟೆ ಮಹಾರಾಜರಿಗೇ ಇರಲಿ. ಅದರ ಪಕ್ಕದಲ್ಲಿ ಇನ್ನೊಂದು ಗುಡ್ಡ ಕಟ್ಟಿ, ಮಕ್ಕಳೇ ಹುಟ್ಟಿಸಿದ ನಾಡಿನ ಸೈನ್ಯವನ್ನು ನಿಲ್ಲಿಸಬಹುದು.

ಇದನ್ನು ಬರೀ ಆಟವೆಂದು ತಳ್ಳಿಹಾಕಬೇಡಿ. 1826ರಲ್ಲಿ ಇಂಗ್ಲೆಂಡಿನ ಹಾವರ್ತ್‌ನ ಪಾದ್ರಿ ಪ್ಯಾಟ್ರಿಕ್ ಬ್ರಾಂಟಿ ಮಗನಿಗೆ 12 ಮರದ ಸೈನಿಕರನ್ನು ತಂದುಕೊಟ್ಟರು. ನಾಲ್ವರು ಮಕ್ಕಳು ಅವುಗಳಿಗೆ ಹೆಸರಿಟ್ಟು, ಕಥೆ ಕಟ್ಟುತ್ತಾ ಕಟ್ಟುತ್ತಾ ಆಂಗ್ರಿಯಾ, ಗೊಂಡಾಲ್ ಎಂಬ ನಾಡುಗಳನ್ನೇ ಎಬ್ಬಿಸಿದರು. ಮುಂದೆ ‘ಜೇನ್ ಐರ್’ ಬರೆದ ಷಾರ್ಲೆಟ್, ‘ವುದರಿಂಗ್ ಹೈಟ್ಸ್’ ಬರೆದ ಎಮಿಲಿ ಆ ಮಕ್ಕಳೇ.

ಕೆಲಸ ಶುರುವಾಗುವುದು ಕಾಗದದ ಮೇಲೆ. ಬ್ರಷ್ ಮುಟ್ಟುವ ಮೊದಲು ನಾಡಿನ ನಕ್ಷೆ ಬರೆಯಿಸಿ: ಹೊಳೆ ಎಲ್ಲಿ, ಬೆಟ್ಟ ಎಲ್ಲಿ, ಏನು ಬೆಳೆಯುತ್ತದೆ? ಸಮವಸ್ತ್ರದ ಬಣ್ಣ ಅಲ್ಲಿಂದಲೇ ಬರಬೇಕು. ನಿಜವಾದ ಸೈನ್ಯಗಳಲ್ಲೂ ಹಾಗೇ ಆಗಿದೆ. ಪೇಶಾವರದಲ್ಲಿ 1846ರಲ್ಲಿ ಬ್ರಿಟಿಷರು ಕಟ್ಟಿದ ಗೈಡ್ಸ್ ಪಡೆ ಖಾಕಿಗೆ ಬಂದದ್ದು ಆ ಸೀಮೆಯ ಧೂಳಿನಲ್ಲಿ ಎದ್ದು ಕಾಣಬಾರದೆಂದು. ಉದಾಹರಣೆಗೆ, ಉಲ್ಹಾಸ್ ನದಿಯ ಖಾಡಿಯನ್ನು, ಅಂದರೆ ಅಳಿವೆಯನ್ನು, ನೋಡಿ ಬೆಳೆದ ಮಗು ‘ಹೊಳೆನಾಡು’ ಕಟ್ಟಿತು ಎನ್ನೋಣ. ಅಲ್ಲಿ ನೀಲಿ ಗಿಡ ಬೆಳೆಯುತ್ತದೆ, ಆದ್ದರಿಂದ ನೀಲಿ ಅಂಗಿ. ದೋಣಿಯಲ್ಲಿ ಓಡಾಟ, ಆದ್ದರಿಂದ ಮೊಣಕಾಲವರೆಗಿನ ಚಲ್ಲಣ, ಬರಿಗಾಲು. ಮಲಂಗಗಡದಂಥ ಬೆಟ್ಟದ ‘ಕಲ್ಲುನಾಡು’ ಎದುರಾಳಿ: ಮಂಜಿಷ್ಠದ ಕೆಂಪು ರುಮಾಲು, ಕಂಬಳಿಯ ಕಪ್ಪು. ಒಂದು ಸೈನ್ಯಕ್ಕೆ ಎರಡು ಬಣ್ಣ, ಒಂದು ಲೋಹ. ಇದಕ್ಕಿಂತ ಹೆಚ್ಚಿದರೆ ಜಾತ್ರೆಯ ಗುಂಪಾಗುತ್ತದೆ, ಪಡೆಯಾಗುವುದಿಲ್ಲ. ತುಕಡಿಗಳನ್ನು ಬೇರೆ ಮಾಡಲು ಕಾಲರ್ ಮತ್ತು ಮುಂಗೈ ಪಟ್ಟಿಯ ಬಣ್ಣ ಬದಲಿಸಿದರೆ ಸಾಕು; ಬ್ರಿಟಿಷರ ಕೆಂಪು ಕೋಟಿನ ರೆಜಿಮೆಂಟುಗಳನ್ನು ಗುರುತಿಸುತ್ತಿದ್ದದ್ದೂ ಹೀಗೆಯೇ.

ಗೊಂಬೆಗಳು ಹಬ್ಬದ ಮುಂಚೆ ಕಲ್ಯಾಣ, ಉಲ್ಹಾಸನಗರದ ಬಜಾರಿನಲ್ಲಿ ಸಿಗುತ್ತವೆ. ಹೆಚ್ಚಿನವು ಬಣ್ಣ ಹಚ್ಚಿದವು. ಬೇಗ ಹೋಗಿ ಕುಂಬಾರರನ್ನು ಕೇಳಿದರೆ ಬಣ್ಣವಿಲ್ಲದವೂ ಸಿಗಬಹುದು. ಪ್ಲಾಸ್ಟಿಕ್ ಸೈನಿಕರಾದರೂ ಸರಿ. ಹಳೆಯ ಲೋಹದ ಸೈನಿಕರು ಮನೆಯಲ್ಲಿದ್ದರೆ ಮಕ್ಕಳ ಕೈಗೆ ಕೊಡಬೇಡಿ, ಉಜ್ಜಲೂ ಬೇಡಿ. ಅವುಗಳಲ್ಲಿ ಸೀಸ ಇರುವುದುಂಟು.

ಪ್ಲಾಸ್ಟಿಕ್ಕನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಸುಲಿಯುತ್ತದೆ. ಮಣ್ಣಿನದಕ್ಕೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ. ಸುಡದ ಮಣ್ಣಾದರೆ ನೀರು ಸೋಕಿದೊಡನೆ ಕರಗುತ್ತದೆ. ಅಂಥದಕ್ಕೆ ನೀರು ಬೆರೆಸಿದ ಫೆವಿಕಾಲನ್ನು ಮೆತ್ತಗೆ, ತಿಕ್ಕದೆ, ಒಂದು ಕೈ ಹಚ್ಚಿ ಪೂರ್ತಿ ಒಣಗಲು ಬಿಡಿ. ನಂತರ ಎಲ್ಲಕ್ಕೂ ಬಿಳಿ ಅಕ್ರಿಲಿಕ್ಕಿನ ಅಸ್ತರಿ. ಬಣ್ಣ ಹಾಲಿನಷ್ಟು ತೆಳ್ಳಗಿರಲಿ. ದಪ್ಪಗೆ ಒಂದು ಸಲ ಬಳಿದರೆ ಮೂಗು, ಮೀಸೆ, ಮಡಿಕೆಗಳೆಲ್ಲ ಮುಚ್ಚಿಹೋಗುತ್ತವೆ. ತೆಳ್ಳಗೆ ಎರಡು ಸಲ ಬಳಿಯಿರಿ. ಗೊಂಬೆಯನ್ನು ಹಳೆಯ ಬಾಟಲಿ ಮುಚ್ಚಳಕ್ಕೆ ಅಂಟಿಸಿಕೊಂಡರೆ ಒದ್ದೆ ಬಣ್ಣಕ್ಕೆ ಬೆರಳು ತಾಗುವುದಿಲ್ಲ.

ಒಳಗಿನದು ಮೊದಲು, ಹೊರಗಿನದು ಆಮೇಲೆ: ಮೈಬಣ್ಣ, ಅಂಗಿ, ಚಲ್ಲಣ, ರುಮಾಲು, ಸೊಂಟಪಟ್ಟಿ, ಕೊನೆಗೆ ಕತ್ತಿ, ಗುರಾಣಿ. ಒಬ್ಬನನ್ನೇ ಮುಗಿಸಲು ಹೋಗಬೇಡಿ. ಎಲ್ಲರ ಅಂಗಿಯೂ ಒಂದೇ ಸಲಕ್ಕೆ ಆಗಲಿ, ಆಗ ಬಣ್ಣ ಎಲ್ಲರ ಮೈಮೇಲೂ ಒಂದೇ ತೆರ ಬರುತ್ತದೆ. ದೊಡ್ಡ ಭಾಗಕ್ಕೆ 4ನೇ ನಂಬರಿನ, ಪಟ್ಟಿಗಳಿಗೆ 0 ನಂಬರಿನ ಗುಂಡು ಬ್ರಷ್.

ನೆರಳು ತರುವ ಹಂತವನ್ನು ಮಾತ್ರ ಬಿಡಲೇಬೇಡಿ, ಗೊಂಬೆಗೆ ಜೀವ ಬರುವುದು ಅಲ್ಲೇ. ಒಂದು ಹನಿ ಗಾಢ ಕಂದು ಬಣ್ಣಕ್ಕೆ ಎಂಟು ಹತ್ತು ಹನಿ ನೀರು, ಪಾತ್ರೆ ತೊಳೆಯುವ ಸೋಪು ಒಂದು ತೊಟ್ಟು. ಮೈಮೇಲೆಲ್ಲ ಹರಿಯಲು ಬಿಟ್ಟು, ಉಬ್ಬಿದ ಜಾಗಗಳನ್ನು ಬಟ್ಟೆಯಿಂದ ಒತ್ತಿ ತೆಗೆಯಿರಿ. ಕಂದು ಮಡಿಕೆಗಳಲ್ಲಿ ನಿಲ್ಲುತ್ತದೆ. ಒಣಗಿದ ಮೇಲೆ ಬ್ರಷ್ಷಿಗೆ ತಿಳಿಬಣ್ಣ ತಗೊಂಡು, ಕಾಗದದ ಮೇಲೆ ಬಹುಪಾಲು ಒರೆಸಿ, ಉಬ್ಬುಗಳ ಮೇಲಷ್ಟೇ ಸವರಿ: ಹೆಗಲು, ಮೊಣಕಾಲು, ರುಮಾಲಿನ ಅಂಚು. ಕಣ್ಣಿಗೆ ಬಿಳಿ ಬೇಡ, ಬೆಚ್ಚಿಬಿದ್ದವನ ಹಾಗೆ ಕಾಣುತ್ತಾನೆ. ಕಡ್ಡಿಯ ತುದಿಯಿಂದ ಎರಡು ಕಪ್ಪು ಚುಕ್ಕೆ ಇಡಿ.

ವಾರ್ನಿಷ್ ಹೊಳಪಿಲ್ಲದ್ದಿರಲಿ. ಅದನ್ನು ಒಣ ಹವೆಯ ದಿನ, ಮಧ್ಯಾಹ್ನ ಹಚ್ಚಿ. ಮೋಡದ ದಿನ ಸ್ಪ್ರೇ ಹೊಡೆದರೆ ತೇವಕ್ಕೆ ಬಿಳಿ ಮಬ್ಬು ಕವಿಯುತ್ತದೆ. ಬಾಲ್ಕನಿಯಲ್ಲಿ ಕೆಲಸ ಮಾಡಿ, ಮಕ್ಕಳು ದೂರವಿರಲಿ. ಇನ್ನು ಬಾವುಟ: ಹಳೆಯ ಸೀರೆಯಂಚಿನ ತುಂಡನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ, ಪೊರಕೆಕಡ್ಡಿಗೆ ಸುತ್ತಿ, ಗಾಳಿಗೆ ಹಾರುವಂತೆ ಬೆರಳಿನಿಂದ ಮಡಿಕೆ ಕೊಟ್ಟು ಒಣಗಿಸಿ. ಕೊನೆಗೆ ಪ್ರತಿ ಸೈನಿಕನ ಪಾದದಡಿ ಅವನ ಹೆಸರು, ತುಕಡಿ ಬರೆಯಿಸಿ. ಮುಂದಿನ ವರ್ಷ ಹೊಸ ಸೈನಿಕರು ಸೇರುವಾಗ ಯಾರು ಹಿರಿಯರು ಎಂಬುದು ಮಕ್ಕಳಿಗೆ ಬಹಳ ಮುಖ್ಯವಾಗುತ್ತದೆ.