ಮನೆಯಲ್ಲಿ ಕೇಕು ಬೇಯಿಸಿ ಅಲಂಕರಿಸುವ ಅಭ್ಯಾಸ

“ಮನೆಯಲ್ಲಿ ನಿತ್ಯದ ಅಡಿಗೆಯ ಕೆಲಸವೇ ಬೇಕಾದಷ್ಟಿರುವಾಗ, ಹುಡುಗಿಯರು ಕೇಕು ಬೇಯಿಸುವುದನ್ನೂ ಅದರ ಮೇಲೆ ಹೂವು ಬಿಡಿಸುವುದನ್ನೂ ಕಲಿಯುವುದರಿಂದ ಪ್ರಯೋಜನವೇನು?” ಎಂದು ಪೋಷಕರಲ್ಲಿ ಕೆಲವರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದದ್ದೇ. ಸಕ್ಕರೆ, ಬೆಣ್ಣೆ ಮೊದಲಾದವುಗಳಿಗೆ ಹಣ ತಗಲುತ್ತದೆ; ಕೆಲಸಕ್ಕೆ ಹೊತ್ತು ಬೇಕು; ಕೆಟ್ಟರೆ ಎರಡೂ ನಷ್ಟ. ಆದಾಗ್ಯೂ ಈ ಹವ್ಯಾಸದಲ್ಲಿ ನಾಲಿಗೆಯ ಸುಖಕ್ಕಿಂತ ಹೆಚ್ಚಿನದೊಂದು ಪಾಠವಿದೆ ಎಂಬುದನ್ನು ನಾವು ಸ್ವಂತ ಅನುಭವದಿಂದ ಬಲ್ಲೆವು. ಅದನ್ನು ನಮ್ಮ ಹಳೆಯ ಸಹಪಾಠಿನಿಯರ ಮುಂದೆಯೂ ಪೋಷಕರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ತುಳುನಾಡಿನ ಸಿಹಿತಿಂಡಿಗಳಲ್ಲಿ ಬಹುಪಾಲು ಹಬೆಯಲ್ಲಿ ಬೇಯತಕ್ಕವು, ಇಲ್ಲವೆ ಎಣ್ಣೆಯಲ್ಲಿ ಕರಿಯತಕ್ಕವು. ಅರಸಿನ ಎಲೆಯಲ್ಲಿ ಮಡಿಚಿದ ಕಡುಬು ಮೊದಲನೆಯ ವರ್ಗಕ್ಕೆ ಸೇರಿದ್ದು. ಕ್ರಿಸ್ಮಸ್ ಕಾಲದಲ್ಲಿ ಜಾತಿಮತ ಭೇದವಿಲ್ಲದೆ ನೆರೆಮನೆಗಳಿಗೆ ಹಂಚುವ ಕುಸ್ವಾರಿನ ತಟ್ಟೆಯಲ್ಲಿರುವ ನೆವ್ರಿ, ಕಿಡಿಯೊ, ಗುಲಿಯೊ, ಗುಲಾಬಿ ಅಚ್ಚಿನ ಕೊಕ್ಕಿಸ್ ಇವು ಎರಡನೆಯ ವರ್ಗದವು. ಸುತ್ತಲಿನ ಒಣಶಾಖದಿಂದ ಬೇಯುವ ತಿಂಡಿಗಳು ಕಡಿಮೆ. ಅವುಗಳಲ್ಲಿ ಮುಖ್ಯವಾದದ್ದು ಕೊಂಕಣಿ ಕ್ರೈಸ್ತರ ಮನೆಗಳ ಬಾತ್ಕ್ ಎಂಬ ರವೆಯ ಕೇಕು. ರವೆ, ತೆಂಗಿನಕಾಯಿ, ಸಕ್ಕರೆ, ಬೆಣ್ಣೆ, ಮೊಟ್ಟೆ ಇವುಗಳನ್ನು ಕಲಸಿ, ರವೆಯು ಚೆನ್ನಾಗಿ ನೆನೆದು ಉಬ್ಬುವಂತೆ ಬಹಳ ಹೊತ್ತು ಇಟ್ಟು, ಬಳಿಕ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುವುದು ಹಿಂದಿನ ಪದ್ಧತಿ.

ಸಾರಿಗೆ ಉಪ್ಪು ಕಡಿಮೆಯಾದರೆ ಕುದಿಯುತ್ತಿರುವಾಗಲೇ ಸೇರಿಸಬಹುದು. ಪಾಯಸ ಗಟ್ಟಿಯಾದರೆ ಹಾಲು ಹೊಯ್ಯಬಹುದು. ಕೇಕಿನ ಹಿಟ್ಟು ಶಾಖದೊಳಗೆ ಹೋದ ಮೇಲಾದರೋ ಅದನ್ನು ತಿದ್ದಲು ಯಾರಿಂದಲೂ ಸಾಧ್ಯವಿಲ್ಲ. ಆದಕಾರಣ ತಿದ್ದತಕ್ಕದ್ದನ್ನೆಲ್ಲಾ ಮೊದಲೇ ತಿದ್ದಿಕೊಳ್ಳಬೇಕು. ಅಳೆಯತಕ್ಕದ್ದನ್ನೆಲ್ಲಾ ಮೊದಲೇ ಅಳೆಯಬೇಕು. ಈ ಮಾತು ಕೇಳಲು ಸುಲಭ. ನಾವು ಇದನ್ನು ಕಲಿತದ್ದು ನಾಚಿಕೆಪಟ್ಟ ಮೇಲೆಯೇ.

ಮೂಡುಬಿದಿರೆಯ ನೆರೆಯ ಪುತ್ತಿಗೆಯಲ್ಲಿರುವ ನಮ್ಮ ಮನೆಯಲ್ಲಿ, ನಾವು ಶಾಲೆಯಲ್ಲಿ ಓದುತ್ತಿದ್ದ ಕಾಲದ ಒಂದು ಕ್ರಿಸ್ಮಸ್‌ಗೆ, ಮೊದಲ ಸಲ ನಾವೇ ಕೇಕು ಮಾಡಲು ಹೊರಟೆವು. ತಾಯಿಯವರು ಕೂಡಿಟ್ಟಿದ್ದ ಆರು ಮೊಟ್ಟೆಗಳನ್ನೂ ಬೆಣ್ಣೆಯನ್ನೂ ನಮ್ಮ ಕೈಗೆ ಕೊಟ್ಟರು. ಕೆಂಡದ ಮುಚ್ಚಳವನ್ನು ಐದು ಐದು ನಿಮಿಷಕ್ಕೊಮ್ಮೆ ಎತ್ತಿ, ಉಬ್ಬಿತೋ ಎಂದು ನೋಡಿದೆವು. ಮೂರನೆಯ ಸಲ ನೋಡುವಾಗ ಅದರ ನಡುಭಾಗ ಕುಸಿದುಹೋಗಿತ್ತು. ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಕುಸಿದ ಹಳ್ಳವನ್ನು ಸಕ್ಕರೆಯ ಲೇಪದಿಂದ ತುಂಬಿಸಿ, ಬೀಟ್ರೂಟಿನ ರಸದಿಂದ ಕೆಂಪು ಹೂಗಳನ್ನು ಬಿಡಿಸಿ, ಸಂಜೆ ಸ್ನೇಹಿತೆಯರ ಮುಂದಿಟ್ಟೆವು. ಎಲ್ಲರೂ ಅದರ ಅಂದವನ್ನು ಕೊಂಡಾಡಿದರು. ಕತ್ತಿ ಇಳಿದ ಕೂಡಲೇ ಬೇಯದ ಹಿಟ್ಟು ತಟ್ಟೆಗೆ ಹರಿಯಿತು.

ಅದು ಒಂದು ತಪ್ಪು. ಎರಡನೆಯದನ್ನು ನಾವು ಆ ಹೊತ್ತಿಗೆ ತಪ್ಪೆಂದು ಸಹ ತಿಳಿಯಲಿಲ್ಲ. ಮೂಡುಬಿದಿರೆಯ ಬಸದಿಯ ಬಳಿಯ ಮನೆಯಿಂದ ಬಂದಿದ್ದ ಜೈನ ಸಹಪಾಠಿನಿಯೊಬ್ಬಳು ಖಾಲಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ನಗುತ್ತಾ ಕುಳಿತಿದ್ದಳು. ಮೊಟ್ಟೆ ಹಾಕಿದ್ದನ್ನು ಅವಳು ತಿನ್ನುವಂತಿರಲಿಲ್ಲ. ಐದು ವರ್ಷ ಒಂದೇ ಬೆಂಚಿನಲ್ಲಿ ಕುಳಿತಿದ್ದ ನಮಗೆ ಅದು ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಮೊಟ್ಟೆ ಒಡೆಯುವಾಗ ನೆನಪಾಗಲಿಲ್ಲ. ಕೇಕು ಕುಸಿದ ದುಃಖ ಮರುದಿನ ಕಳೆಯಿತು. ಆ ಖಾಲಿ ತಟ್ಟೆ ಕಣ್ಣಿನಿಂದ ಹೋಗಲಿಲ್ಲ.

ಕೇಕು ಏಕೆ ಕುಸಿಯಿತೆಂಬುದಕ್ಕೆ ಕಾರಣ ಸರಳವಾದದ್ದು. ಕಲಸಿದ ಹಿಟ್ಟಿನಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ಶಾಖಕ್ಕೆ ಅವು ಹಿಗ್ಗಿ ಹಿಟ್ಟನ್ನು ಮೇಲಕ್ಕೆತ್ತುತ್ತವೆ. ಬಳಿಕ ಹಿಟ್ಟಿನ ಪಿಷ್ಟವೂ ಸಸಾರಜನಕವೂ ಬೆಂದು ಗಟ್ಟಿಯಾಗಿ ಗುಳ್ಳೆಗಳ ಸುತ್ತ ಗೋಡೆಯಂತೆ ನಿಲ್ಲುತ್ತವೆ. ಗೋಡೆ ನಿಲ್ಲುವ ಮೊದಲೇ ಮುಚ್ಚಳವೆತ್ತಿದರೆ ಶಾಖ ತಗ್ಗಿ ಗುಳ್ಳೆಗಳು ಕುಗ್ಗುತ್ತವೆ, ಮನೆ ಬೀಳುತ್ತದೆ. ಮೊಟ್ಟೆಯು ಗುಳ್ಳೆಗಳನ್ನು ಹಿಡಿದಿಡುವುದಕ್ಕೂ ಗೋಡೆಯನ್ನು ಬಲಪಡಿಸುವುದಕ್ಕೂ ಸಹಾಯ ಮಾಡುತ್ತದೆ. ಹಾಗಾದರೆ ಮೊಟ್ಟೆಯಿಲ್ಲದೆ ಮಾಡುವುದು ಹೇಗೆ?

ಇದಕ್ಕೆ ಉತ್ತರ ಮೊಸರು ಮತ್ತು ಸೋಡ. ಅಡಿಗೆಯ ಸೋಡ ಹುಳಿಯೊಡನೆ ಸೇರಿದಾಗ ಇಂಗಾಲಾಮ್ಲ ವಾಯು ಹುಟ್ಟುತ್ತದೆ, ಅದೇ ಗುಳ್ಳೆಗಳಾಗುತ್ತದೆ. ಬೇಕಿಂಗ್ ಪೌಡರ್ ಎಂಬುದರಲ್ಲಿ ಸೋಡ, ಒಣಗಿದ ಆಮ್ಲ, ಅವು ಒದ್ದೆಯಾಗದಂತೆ ಸ್ವಲ್ಪ ಪಿಷ್ಟ ಇವು ಒಟ್ಟಿಗಿರುತ್ತವೆ. ಇದರ ಚರಿತ್ರೆಯನ್ನು ಓದಿದಾಗ ನಮಗೆ ಆ ಖಾಲಿ ತಟ್ಟೆಯ ನೆನಪಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧಕಾರನಿದ್ದನು. ಅವನ ಪತ್ನಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ರೊಟ್ಟಿಯನ್ನು ಹುಳಿ ಬರಿಸುವ ಯೀಸ್ಟೂ ಒಗ್ಗುತ್ತಿರಲಿಲ್ಲ. ಅವಳಿಗೋಸ್ಕರ ಅವನು ೧೮೩೭ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ ೧೮೪೩ರಲ್ಲಿ ಒಂದು ಬಗೆಯ ಬೇಕಿಂಗ್ ಪೌಡರನ್ನೂ ಕಂಡುಹಿಡಿದನು. ಮೇಜಿನ ಬಳಿ ತಿನ್ನಲಾರದೆ ಕುಳಿತಿದ್ದ ಒಬ್ಬಳ ಮೇಲಿನ ಅಕ್ಕರೆಯಿಂದ ಹುಟ್ಟಿದ್ದು ಲೋಕದ ಎಷ್ಟೋ ಅಡಿಗೆಮನೆಗಳಿಗೆ ಉಪಕಾರವಾಯಿತು.

ಬೇಕಾದ ಸಾಮಗ್ರಿ ನಮ್ಮೂರಲ್ಲಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ನಮ್ಮದೇ ಕರಾವಳಿಯಲ್ಲಿ ತೆಂಕಣಕ್ಕಿರುವ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು ೧೮೮೦ರಲ್ಲಿ ಬಿಸ್ಕತ್ತಿನ ಕಾರ್ಖಾನೆಯನ್ನು ತೆರೆದಿದ್ದರು. ೧೮೮೩ರಲ್ಲಿ ಮರ್ಡೋಕ್ ಬ್ರೌನ್ ಎಂಬ ತೋಟದ ದೊರೆಯು ಇಂಗ್ಲೆಂಡಿನಿಂದ ತಂದ ಕೇಕಿನ ರುಚಿಯನ್ನು ತೋರಿಸಿ, ಅಂಥದ್ದನ್ನೇ ಮಾಡಿಕೊಡಬೇಕೆಂದು ಅವರನ್ನು ಕೇಳಿದನಂತೆ. ಬಾಪುರವರು ಕಮ್ಮಾರನಿಂದ ಅಚ್ಚು ಮಾಡಿಸಿ, ಪರದೇಶದ ಬ್ರಾಂದಿಗೆ ಬದಲಾಗಿ ಊರಿನ ಗೇರುಹಣ್ಣು ಬಾಳೆಹಣ್ಣುಗಳ ಭಟ್ಟಿಯನ್ನು ಉಪಯೋಗಿಸಿ ಕೇಕು ಮಾಡಿದರೆಂದೂ, ಭಾರತದಲ್ಲಿ ತಯಾರಾದ ಮೊದಲ ಕ್ರಿಸ್ಮಸ್ ಕೇಕು ಅದೇ ಎಂದೂ ಪ್ರಸಿದ್ಧವಾಗಿದೆ.

ಇನ್ನು ಮಾಡುವ ಕ್ರಮವನ್ನು ಹೇಳುವೆವು. ಮೊಟ್ಟೆಯಿಲ್ಲದ ಮೊಸರಿನ ಕೇಕಿಗೆ ೨೪೦ ಮಿಲಿಲೀಟರು ಹಿಡಿಯುವ ಒಂದೇ ಬಟ್ಟಲಿನಿಂದ ಎಲ್ಲವನ್ನೂ ಅಳೆಯತಕ್ಕದ್ದು. ಮೈದಾ ಒಂದೂವರೆ ಬಟ್ಟಲು, ಗಟ್ಟಿ ಮೊಸರು ಒಂದು ಬಟ್ಟಲು, ಸಕ್ಕರೆ ಮುಕ್ಕಾಲು ಬಟ್ಟಲು, ವಾಸನೆಯಿಲ್ಲದ ಎಣ್ಣೆ ಅರ್ಧ ಬಟ್ಟಲು, ಬೇಕಿಂಗ್ ಪೌಡರ್ ಒಂದೂಕಾಲು ಚಹಾ ಚಮಚ, ಅಡಿಗೆಯ ಸೋಡ ಅರ್ಧ ಚಹಾ ಚಮಚ, ಏಲಕ್ಕಿ ಪುಡಿ ಸ್ವಲ್ಪ. ಮೊದಲು ತಟ್ಟೆಗೆ ಎಣ್ಣೆ ಸವರಿ ಹಿಟ್ಟು ಉದುರಿಸಿ, ಒಲೆಯನ್ನು ಕಾಯಿಸಿಕೊಳ್ಳಬೇಕು. ಮೊಸರಿನಲ್ಲಿ ಸಕ್ಕರೆಯನ್ನು ಕರಗಿಸಿ, ಸೋಡವನ್ನೂ ಪೌಡರನ್ನೂ ಹಾಕಿ, ಐದು ನಿಮಿಷ ಬಿಡಬೇಕು; ನೊರೆ ಏಳುವುದು ಕಾಣುವುದು. ಎಣ್ಣೆಯನ್ನೂ ಏಲಕ್ಕಿಯನ್ನೂ ಸೇರಿಸಿ, ಜರಡಿ ಹಿಡಿದ ಮೈದಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಗಂಟು ಹೋಗುವಷ್ಟು ಮಾತ್ರ ಕಲಸಬೇಕು. ಹೆಚ್ಚು ಕಲಸಿದರೆ ಗೋಧಿಯ ಜಿಗುಟು ಬಲವಾಗಿ ಕೇಕು ಗಡುಸಾಗುತ್ತದೆ. ತಟ್ಟೆಯ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಿಸಬಾರದು. ತಡಮಾಡದೆ ಒಲೆಗೆ ಇಡಬೇಕು, ಯಾಕಂದರೆ ಹುಟ್ಟಿದ ಗುಳ್ಳೆಗಳು ನಮಗಾಗಿ ಕಾಯುವುದಿಲ್ಲ.

ವಿದ್ಯುತ್ ಓವನ್ ಇದ್ದಲ್ಲಿ ೧೮೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ೩೫ರಿಂದ ೪೦ ನಿಮಿಷ ಸಾಕು. ಇಲ್ಲದಿದ್ದರೆ ದಪ್ಪ ತಳದ ದೊಡ್ಡ ಪಾತ್ರೆಯೊಳಗೆ ಒಂದು ಅಂಗುಲ ಉಪ್ಪು ಇಲ್ಲವೆ ಮರಳು ಹರಡಿ, ಅದರ ಮೇಲೆ ಬಳೆಯಂಥ ಒತ್ತಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಬಳಿಕ ತಟ್ಟೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು. ಮೊದಲ ಅರ್ಧ ತಾಸು ಮುಚ್ಚಳ ಮುಟ್ಟಬಾರದು. ಆಮೇಲೆ ಶುದ್ಧವಾದ ತೆಳ್ಳನೆಯ ಕಡ್ಡಿಯನ್ನು ನಡುವಿಗೆ ಚುಚ್ಚಿ ತೆಗೆದರೆ ಹಿಟ್ಟು ಅಂಟದೆ ಬರಬೇಕು.

ಅಲಂಕಾರವು ಬೆಂದು ಪೂರ್ತಿ ತಣಿದ ಕೇಕಿಗೆ ಮಾತ್ರ ತಕ್ಕದ್ದು. ೧೪೩೦ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆತ್ತನೆಯನ್ನು ನಮ್ಮಲ್ಲಿ ಎಲ್ಲರೂ ನೋಡಿದವರೇ. ಶಿಲ್ಪಿಗಳು ಗಟ್ಟಿ ಕಲ್ಲಿನ ಕಂಬದ ಮೇಲೆ ಹೂಬಳ್ಳಿ ಬಿಡಿಸಿದರು. ಬಿರುಕನ್ನು ಮುಚ್ಚಲು ಬಿಡಿಸಲಿಲ್ಲ. ನಮ್ಮ ಕೆಂಪು ಹೂಗಳು ಹಳ್ಳವನ್ನು ಮುಚ್ಚಲು ಬಿಡಿಸಿದವುಗಳಾಗಿದ್ದವು.

ನಮ್ಮ ಕರಾವಳಿಯ ಸೆಕೆಗೆ ಬೆಣ್ಣೆಯ ಲೇಪ ಬೇಗನೆ ಕರಗುತ್ತದೆ. ಆದುದರಿಂದ ಕಲಿಯುವವರಿಗೆ ಮೂರು ಸುಲಭವಾದ ಬಗೆಗಳು ಉತ್ತಮ. ಮೊದಲನೆಯದು, ಕಾಗದವನ್ನು ಮಡಿಚಿ ರಂಗೋಲಿಯಂತೆ ಕತ್ತರಿಸಿ, ಕೇಕಿನ ಮೇಲಿಟ್ಟು ಸಕ್ಕರೆಯ ಹುಡಿಯನ್ನು ಜರಡಿಯಿಂದ ಉದುರಿಸುವುದು. ಸಕ್ಕರೆ ಮಳೆಗಾಲದ ತೇವವನ್ನು ಎಳೆದುಕೊಳ್ಳುವುದರಿಂದ ಇದನ್ನು ಬಡಿಸುವ ಹೊತ್ತಿಗೇ ಮಾಡಬೇಕು. ಎರಡನೆಯದು, ಒಂದು ಬಟ್ಟಲು ಸಕ್ಕರೆ ಹುಡಿಗೆ ಪುನರ್ಪುಳಿಯ ಸಿಪ್ಪೆ ನೆನೆಸಿದ ನೀರನ್ನು ತೊಟ್ಟು ತೊಟ್ಟಾಗಿ, ಒಂದೂವರೆ ದೊಡ್ಡ ಚಮಚದಷ್ಟರೊಳಗೆ ಸೇರಿಸಿ ಮಾಡಿದ ಲೇಪ. ಇದರ ಬಣ್ಣ ನಸುಗೆಂಪು, ರುಚಿ ಹುಳಿಸಿಹಿ. ಎಣ್ಣೆಕಾಗದದ ಕೊಳವೆಯಲ್ಲಿ ತುಂಬಿಸಿ ಗೆರೆ ಎಳೆಯಬಹುದು. ಮೂರನೆಯದು, ನಮ್ಮ ಪದವುಗಳಲ್ಲಿ ಬೆಳೆಯುವ ಗೇರುಬೀಜದ್ದು. ಅರ್ಧ ಬಟ್ಟಲು ಸಕ್ಕರೆ, ಕಾಲು ಬಟ್ಟಲು ನೀರು ಇವುಗಳ ಒಂದೆಳೆ ಪಾಕಕ್ಕೆ ಒಂದು ಬಟ್ಟಲು ಗೇರುಬೀಜದ ಹುಡಿಯನ್ನು ಹಾಕಿ, ಪಾತ್ರೆಯ ಬದಿ ಬಿಡುವ ತನಕ ಮಗುಚಿ, ಬೆಚ್ಚಗಿರುವಾಗಲೇ ತುಪ್ಪದ ಕೈಯಿಂದ ನಾದಿದರೆ ಹೂವು, ಎಲೆ, ಮಾವಿನಕಾಯಿ ಬೇಕಾದದ್ದನ್ನು ರೂಪಿಸಬಹುದು. ಹಸಿ ಮೊಟ್ಟೆಯ ಬಿಳಿಯಿಂದ ಮಾಡುವ ಲೇಪವನ್ನು ಮಕ್ಕಳಿಗೂ ವೃದ್ಧರಿಗೂ ಕೊಡದಿರುವುದು ಲೇಸು. ಅದರಿಂದ ರೋಗಾಣುಗಳು ಹರಡುವ ಭಯವುಂಟು.

ಬೀಟ್ರೂಟನ್ನು ಬಿಟ್ಟು ಪುನರ್ಪುಳಿಗೆ ಬಂದುದಕ್ಕೂ ಒಂದು ಕಾರಣವಿದೆ. ಮುಂದಿನ ವರ್ಷ ನಾವು ಮೊಟ್ಟೆಯಿಲ್ಲದ ಕೇಕನ್ನು ಎರಡು ಸಲ ಕೆಡಿಸಿ, ಮೂರನೆಯ ಸಲ ಸರಿಯಾಗಿ ಬೇಯಿಸಿ, ಆ ಸಹಪಾಠಿನಿಯ ಮನೆಗೆ ಒಯ್ದೆವು. ಅವಳ ಅಜ್ಜಿಯವರು ತಟ್ಟೆಯನ್ನು ನೋಡಿ ಮೆಲ್ಲನೆ ಕೇಳಿದರು: “ಮೊಸರು ಎಂದಿನದು? ಕೆಂಪು ಬಣ್ಣ ಯಾವುದರದು?” ಮೊಸರು ಹಿಂದಿನ ದಿನದ್ದಕ್ಕಿಂತ ಹಳೆಯದು, ಬಣ್ಣ ಬೀಟ್ರೂಟಿನದು, ಅಂದರೆ ನೆಲದೊಳಗೆ ಬೆಳೆಯುವ ಗಡ್ಡೆ. ಎರಡೂ ಅವರ ನಿಯಮಕ್ಕೆ ಹೊಂದುವಂತಿರಲಿಲ್ಲ. ಅಜ್ಜಿಯವರು ಬೇಸರಿಸಲಿಲ್ಲ. ನಮ್ಮನ್ನು ಪಕ್ಕದಲ್ಲಿ ಕುಳ್ಳಿರಿಸಿ, ತಮ್ಮಲ್ಲಿ ಯಾವುದು ಸಲ್ಲುವುದು, ಯಾವುದು ಸಲ್ಲದು, ಸೂರ್ಯಾಸ್ತದ ಬಳಿಕ ಏಕೆ ಉಣ್ಣುವುದಿಲ್ಲ ಎಂಬುದನ್ನೆಲ್ಲಾ ವಿವರಿಸಿದರು. ಕೆಂಪು ಬಣ್ಣಕ್ಕೆ ಪುನರ್ಪುಳಿಯನ್ನು ಸೂಚಿಸಿದವರೂ ಅವರೇ. ಒಂದು ವಾರದ ಬಳಿಕ ಹೊಸ ಮೊಸರಿನಿಂದ ಮಾಡಿದ ಕೇಕನ್ನು ಹಗಲು ಮೂರು ಗಂಟೆಗೆ ಒಯ್ದೆವು. ಅಜ್ಜಿಯವರು ಒಂದು ತುಂಡನ್ನು ಮುರಿದು ತಿಂದು, ಅಳತೆಯನ್ನು ಕಾಗದದಲ್ಲಿ ಬರೆದುಕೊಡಲು ಹೇಳಿದರು. ನಮಗೆ ಇಂದಿಗೂ ಅದಕ್ಕಿಂತ ದೊಡ್ಡ ಬಹುಮಾನ ದೊರೆತದ್ದಿಲ್ಲ.

ಅಂದಿನಿಂದ ನಾವು ಎರಡು ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ಒಲೆಗೆ ಇಡುವ ಮೊದಲು ಅಳೆಯಬೇಕು. ಕಲಸುವ ಮೊದಲು ತಿನ್ನುವವರನ್ನು ಕೇಳಬೇಕು. ಒಬ್ಬರಿಗೆ ಮೊಟ್ಟೆ ಸಲ್ಲದು. ಇನ್ನೊಬ್ಬರಿಗೆ ಗೇರುಬೀಜ ಒಗ್ಗದೆ ಉಸಿರು ಕಟ್ಟೀತು. ಸಕ್ಕರೆ ಕಾಯಿಲೆಯವರಿಗೆ ಸಣ್ಣ ತುಂಡೇ ಹೆಚ್ಚು. ಈ ಹವ್ಯಾಸವನ್ನು ಮುಂದೆ ಸಂಪಾದನೆಯ ದಾರಿಯಾಗಿ ಮಾಡಿಕೊಳ್ಳುವವರು ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ಕೊಳ್ಳುವವರಿಗೂ ಒಳಗಿರುವುದನ್ನು ಮುಚ್ಚಿಡದೆ ಹೇಳತಕ್ಕದ್ದು.

ಕೊನೆಯದಾಗಿ ಪೋಷಕರಲ್ಲಿ ಒಂದು ವಿನಂತಿ. ರಜೆಯ ದಿನಗಳಲ್ಲಿ ನಿಮ್ಮ ಮಗಳಿಗೆ, ಮಗನಿಗೆ ಸಹ, ಒಂದು ಅಳತೆಯ ಬಟ್ಟಲನ್ನೂ ಒಂದು ತಟ್ಟೆಯನ್ನೂ ಕೊಡಿರಿ. ಅದರೊಡನೆ ಎರಡು ಸಲ ಕೆಡಿಸುವ ಅಪ್ಪಣೆಯನ್ನೂ ಕೊಡಿರಿ. ಕೆಟ್ಟದ್ದನ್ನು ಸಕ್ಕರೆಯಿಂದ ಮುಚ್ಚದೆ ತಂದು ತೋರಿಸುವ ಧೈರ್ಯ ಆ ಮಗುವಿಗೆ ಬಂದರೆ, ನಿಮ್ಮ ಮೈದಾವೂ ಮೊಸರೂ ವ್ಯರ್ಥವಾಗಲಿಲ್ಲವೆಂದು ತಿಳಿಯಿರಿ.