ಹತ್ತು ಮೀಟರ್ ದೂರ, ಅರ್ಧ ಮಿಲಿಮೀಟರ್ ಗುರಿ

ಏರ್ ರೈಫಲ್ ಆರಿಸುವುದು, ಮೈಗೆ ಹೊಂದಿಸುವುದು, ಹೊಡೆಯುವುದು ಹೇಗೆ?

ಜಾತ್ರೆಯ ಬಲೂನ್ ಅಂಗಡಿಯಲ್ಲಿ ನಳಿಗೆ ಮಡಚಿ ಗುಂಡು ತುಂಬುವ ಏರ್‌ಗನ್ನನ್ನು ಒಮ್ಮೆಯಾದರೂ ಹಿಡಿಯದವರು ಕಡಿಮೆ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಕೂಡ ಹಾರಿಸುವುದು ಅದೇ 4.5 ಮಿ.ಮೀ. ಸೀಸದ ಗುಂಡನ್ನು, ಅಂದರೆ ಅಂಗಡಿಯವರು ‘ಪಾಯಿಂಟ್ 177’ ಎನ್ನುವ ಪೆಲೆಟ್ಟನ್ನು. ಅಲ್ಲಿ ಗುರಿ ಮಾತ್ರ ಬಲು ಚಿಕ್ಕದು. ಹತ್ತು ಅಂಕದ ಚುಕ್ಕೆಯ ವ್ಯಾಸ ಬರೀ 0.5 ಮಿ.ಮೀ., ಒಂಬತ್ತರ ವೃತ್ತ 5.5 ಮಿ.ಮೀ. ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳೊಳಗೆ ಇಂಥ 60 ಹೊಡೆತ. ಒಂದು ಹೊಡೆತಕ್ಕೆ ಗರಿಷ್ಠ 10.9, ಒಟ್ಟು 654 ಅಂಕ.

ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು, ಗಗನ್ ನಾರಂಗ್ 2012ರಲ್ಲಿ ಲಂಡನ್‌ನಲ್ಲಿ ಕಂಚು ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಮೇಲೆ ನಮ್ಮ ರಾಜ್ಯದ ಹಲವು ಮನೆಗಳಲ್ಲಿ ಮಕ್ಕಳು ರೈಫಲ್ ಕೇಳತೊಡಗಿದ್ದಾರೆ. ಕೊಡಿಸುವ ಮುನ್ನ ಹಿರಿಯರು ಒಂದು ವಿಷಯ ತಿಳಿದಿರಬೇಕು. ಇಲ್ಲಿ ರೈಫಲ್‌ನ ಸಾಮರ್ಥ್ಯವನ್ನು ಗುಂಡಿನ ವೇಗದಿಂದ ಅಳೆಯುವುದಿಲ್ಲ. ಸ್ಪರ್ಧೆಯ ರೈಫಲ್‌ನಿಂದ ಗುಂಡು ಹೊರಡುವುದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ. ಇದಕ್ಕಿಂತ ಜೋರಾಗಿ ಹೊಡೆಯುವ ಅಗ್ಗದ ಗನ್‌ಗಳು ಬೇಕಾದಷ್ಟಿವೆ. ಒಮ್ಮೆ ಹೊಡೆದಂತೆಯೇ ಅರವತ್ತು ಸಲವೂ ಹೊಡೆಯಲು ಬಿಡುವ ರೈಫಲ್ಲೇ ಒಳ್ಳೆಯ ರೈಫಲ್. ಆ ಗುಣದಲ್ಲಿ ಅರ್ಧ ಕಾರ್ಖಾನೆಯಿಂದ ಬರುತ್ತದೆ, ಉಳಿದರ್ಧ ಅದನ್ನು ಶೂಟರ್‌ನ ಮೈಗೆ ಹೊಂದಿಸುವುದರಿಂದ ಬರುತ್ತದೆ.

ಹಂತ 1: ಕಾನೂನು ಮತ್ತು ಸುರಕ್ಷತೆ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆ 4.5 ಮಿ.ಮೀ. ಮೀರದ ಮತ್ತು ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ರೈಫಲ್‌ನ ಶಕ್ತಿ 8 ಜೌಲ್ ಆಸುಪಾಸು. ಮಿತಿಯೊಳಗೆ ಆರಾಮವಾಗಿ ಇರುತ್ತದೆ. 5.5 ಮಿ.ಮೀ. ನಳಿಗೆಯದ್ದನ್ನು ಲೈಸೆನ್ಸ್ ಇಲ್ಲದೆ ಕೊಳ್ಳಬೇಡಿ. ಅಧಿಕೃತ ಅಂಗಡಿಯಲ್ಲೇ ಕೊಂಡು, ಗುರುತಿನ ಚೀಟಿ ಕೊಟ್ಟು, ಬಿಲ್ ಜೋಪಾನವಾಗಿಡಿ. ಹಕ್ಕಿಗಳಿಗೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ.

ಗಾಳಿಯ ಗನ್ ತಾನೇ ಎಂಬ ಸಸಾರ ಬೇಡ. ಈ ಗುಂಡಿಗೆ ಕಣ್ಣು ಕಳೆಯುವ ಶಕ್ತಿ ಇದೆ. ಗುಂಡು ತುಂಬಿದೆ ಎಂದು ಭಾವಿಸಿಯೇ ರೈಫಲ್ ಹಿಡಿಯಿರಿ. ನಳಿಗೆಯ ಬಾಯಿ ಯಾವಾಗಲೂ ಗುರಿಯ ಕಡೆಗಿರಲಿ. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನ ಹೊರಗಿರಲಿ. ರೈಫಲ್ ಕೆಳಗಿಟ್ಟಾಗ ಗುಂಡು ತುಂಬುವ ಬಾಯಿ ತೆರೆದಿರಲಿ, ಅದರೊಳಗೆ ಸುರಕ್ಷತಾ ಎಳೆ ತೂರಿಸಿರಲಿ. ಮನೆಯಲ್ಲಿ ರೇಂಜ್ ಮಾಡುವುದಾದರೆ ಗುರಿಯ ಹಿಂದೆ ಉಕ್ಕಿನ ಪೆಲೆಟ್ ಪೆಟ್ಟಿಗೆ ಬೇಕೇ ಬೇಕು. ಹತ್ತು ಮೀಟರ್ ದಾರಿಗೆ ಯಾವ ಬಾಗಿಲೂ ತೆರೆದುಕೊಳ್ಳಬಾರದು. ಪೆಲೆಟ್ ಸೀಸದ್ದು, ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಹಂತ 2: ರೈಫಲ್ ಆಯ್ಕೆ

ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸ್ಪ್ರಿಂಗ್ ರೈಫಲ್. ಟ್ರಿಗರ್ ಎಳೆದಾಗ ಒಳಗಿನ ಭಾರದ ಪಿಸ್ಟನ್ ಮುನ್ನುಗ್ಗಿ ಗಾಳಿಯನ್ನು ಅದುಮುತ್ತದೆ. ಗುಂಡು ನಳಿಗೆ ಬಿಡುವ ಮೊದಲೇ ರೈಫಲ್ ಕುಲುಕುವುದರಿಂದ ಅದನ್ನು ಪ್ರತಿ ಸಲ ಒಂದೇ ಬಿಗಿಯಲ್ಲಿ ಹಿಡಿಯದಿದ್ದರೆ ಗುಂಡು ಚದುರುತ್ತದೆ. ಎರಡನೆಯದು ಪಿಸಿಪಿ. ಇದರಲ್ಲಿ ನಳಿಗೆಯ ಕೆಳಗಿನ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ರೆಗ್ಯುಲೇಟರ್ ಪ್ರತಿ ಹೊಡೆತಕ್ಕೂ ಒಂದೇ ಅಳತೆಯ ಗಾಳಿ ಬಿಡುತ್ತದೆ, ಕುಲುಕಾಟ ಇಲ್ಲವೆನ್ನುವಷ್ಟು ಕಡಿಮೆ. ಸ್ಪರ್ಧೆಯ ಆಸೆ ಇದ್ದರೆ ಪಿಸಿಪಿಯೇ ಸರಿ.

ಜರ್ಮನಿಯ ಫೈನ್‌ವರ್ಕ್‌ಬೌ, ವಾಲ್ಥರ್, ಅನ್ಶುಟ್ಜ್ ಈ ಕ್ಷೇತ್ರದ ದೊಡ್ಡ ಹೆಸರುಗಳು. ಅವುಗಳ ಉತ್ತಮ ಮಾದರಿಗಳ ಬೆಲೆ ಎರಡು ಲಕ್ಷ ರೂಪಾಯಿ ದಾಟುತ್ತದೆ. ಪ್ರೆಸಿಹೋಲ್‌ನಂಥ ಭಾರತೀಯ ಕಂಪನಿಯ ಪಿಸಿಪಿ ರೈಫಲ್‌ಗಳು ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತವೆ. ಕಲಿಯುವವರಿಗೆ ಅಷ್ಟು ಸಾಕು.

ಕೊಳ್ಳುವಾಗ ಇವನ್ನು ನೋಡಿ:

• ತೂಕ: ನಿಯಮದ ಮಿತಿ 5.5 ಕೆ.ಜಿ. ಹನ್ನೆರಡು–ಹದಿಮೂರರ ಮಗುವಿಗೆ ಅದು ಹೊರೆ, 4 ಕೆ.ಜಿ. ಒಳಗಿನ ಜೂನಿಯರ್ ಮಾದರಿ ಕೇಳಿ.

• ಹೊಂದಿಕೆ: ಬಟ್‌ನ ಉದ್ದ, ಬಟ್ ಪ್ಲೇಟ್‌ನ ಎತ್ತರ, ಕೆನ್ನೆ ಊರುವ ಚೀಕ್‌ಪೀಸ್, ಟ್ರಿಗರ್‌ನ ಸ್ಥಾನ, ಈ ನಾಲ್ಕೂ ಬದಲಾಯಿಸಲು ಬರಬೇಕು.

• ಸಿಲಿಂಡರ್: ಅದರ ಮೇಲೆ ತಯಾರಿಕೆಯ ದಿನಾಂಕ ಕೆತ್ತಿರುತ್ತದೆ. ತಯಾರಕರು ಸಾಮಾನ್ಯವಾಗಿ ಹತ್ತು ವರ್ಷದ ಅವಧಿ ಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಮೊದಲು ಓದಬೇಕಾದದ್ದು ಈ ದಿನಾಂಕವನ್ನು.

• ಎಡವೋ ಬಲವೋ: ಎರಡೂ ಕೈ ಮುಂದೆ ಚಾಚಿ ಬೆರಳುಗಳ ನಡುವೆ ಕಿಂಡಿ ಮಾಡಿ, ದೂರದ ವಸ್ತುವೊಂದನ್ನು ಅದರೊಳಗೆ ನೋಡಿ. ಒಂದೊಂದೇ ಕಣ್ಣು ಮುಚ್ಚಿದರೆ ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಪ್ರಬಲ ಕಣ್ಣು. ಸಾಧ್ಯವಾದಷ್ಟೂ ಆ ಬದಿಯ ರೈಫಲ್ಲೇ ಆಗಲಿ.

ಟೆಲಿಸ್ಕೋಪ್ ಕೊಳ್ಳಬೇಡಿ. ಈ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ಹಂತ 3: ಗಾಳಿ ಮತ್ತು ಗುಂಡು

ಸಿಲಿಂಡರ್‌ಗೆ ಒಣ, ಶುದ್ಧ ಗಾಳಿಯನ್ನೇ ತುಂಬಿಸಬೇಕು. ವೆಲ್ಡಿಂಗ್ ಅಥವಾ ಆಸ್ಪತ್ರೆಯ ಆಮ್ಲಜನಕ ಖಂಡಿತ ಬೇಡ. ಒತ್ತಡದ ಆಮ್ಲಜನಕಕ್ಕೆ ಎಣ್ಣೆಯ ಪಸೆ ತಾಗಿದರೆ ಸ್ಫೋಟವಾಗುತ್ತದೆ. ನಿಧಾನವಾಗಿ ತುಂಬಿ. ಅವಸರ ಮಾಡಿದರೆ ಸಿಲಿಂಡರ್ ಬಿಸಿಯಾಗಿ, ಆರಿದ ಮೇಲೆ ಒತ್ತಡ ಇಳಿದಿರುತ್ತದೆ.

ಪೆಲೆಟ್ ಚಪ್ಪಟೆ ತಲೆಯದ್ದಿರಲಿ. ಅದು ಕಾಗದದಲ್ಲಿ ಪಂಚ್ ಮಾಡಿದಂತೆ ದುಂಡನೆಯ ತೂತು ಬೀಳಿಸುವುದರಿಂದ ಅಂಕ ಎಣಿಸುವುದು ಸುಲಭ. ತೂಕ ಸಾಮಾನ್ಯವಾಗಿ 0.53 ಗ್ರಾಂ ಆಸುಪಾಸು. ಡಬ್ಬಿಯ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ನಮೂದಾಗಿರುತ್ತದೆ. ಎಲ್ಲ ನಳಿಗೆಗಳಿಗೂ ಒಂದೇ ಅಳತೆ ಒಗ್ಗುವುದಿಲ್ಲ. ರೈಫಲ್ಲನ್ನು ಅಲುಗದಂತೆ ಬಿಗಿದು ಪ್ರತಿ ಅಳತೆಯಲ್ಲೂ ಒಂದೇ ಗುರಿಗೆ ಹತ್ತು ಗುಂಡು ಹೊಡೆದು ನೋಡಿ. ಯಾವುದರ ತೂತುಗಳು ಅತಿ ಚಿಕ್ಕ ಜಾಗದಲ್ಲಿ ಒಂದರ ಮೇಲೊಂದು ಬೀಳುತ್ತವೋ ಅದೇ ಬ್ಯಾಚಿನ ಡಬ್ಬಿಗಳನ್ನು ಒಟ್ಟಿಗೆ ಕೊಂಡಿಟ್ಟುಕೊಳ್ಳಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಡಬ್ಬಿಯ ಮುಚ್ಚಳ ಭದ್ರವಾಗಿರಲಿ.

ಹಂತ 4: ಮೈಗೆ ಹೊಂದಿಸುವುದು

ಬಹಳಷ್ಟು ಜನ ಅವಸರದಲ್ಲಿ ದಾಟಿಬಿಡುವ ಹಂತ ಇದು, ಅಂಕ ಅತಿ ಹೆಚ್ಚು ಸೋರಿಹೋಗುವುದೂ ಇಲ್ಲೇ. ದರ್ಜಿ ಬಟ್ಟೆಗೆ ಅಳತೆ ತೆಗೆಯುವಂತೆ, ಶೂಟಿಂಗ್ ಜಾಕೆಟ್ ತೊಟ್ಟುಕೊಂಡೇ ಇದನ್ನು ಮಾಡಬೇಕು. ಜಾಕೆಟ್ ತೆಗೆದು ಮಾಡಿದ ಅಳತೆ ತೊಟ್ಟಾಗ ಕೂರುವುದಿಲ್ಲ. ಕ್ರಮ ಹೀಗಿರಲಿ:

1. ಬಟ್ ಉದ್ದ. ಬಟ್ ಅನ್ನು ಮೊಣಕೈಯ ಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮುಟ್ಟಬೇಕು. ಆರಂಭಕ್ಕೆ ಇಷ್ಟು ಸಾಕು, ಆಮೇಲೆ ನಿಂತು ತಿದ್ದಿಕೊಳ್ಳಿ.

2. ಬಟ್ ಪ್ಲೇಟ್. ಭುಜಕ್ಕಿಟ್ಟಾಗ ತಲೆ ನೆಟ್ಟಗಿರುವಷ್ಟು ರೈಫಲ್ ಮೇಲೆ ಬರಬೇಕು. ಕತ್ತು ಬಗ್ಗಿಸಿ ರೈಫಲ್ ಹುಡುಕುವಂತಾದರೆ ಪ್ಲೇಟನ್ನು ಕೆಳಗಿಳಿಸಿ.

3. ಚೀಕ್‌ಪೀಸ್. ಕಣ್ಣು ಮುಚ್ಚಿ ಕೆನ್ನೆ ಊರಿ, ತಲೆಯ ಭಾರ ಬಿಟ್ಟು, ಆಮೇಲೆ ಕಣ್ಣು ತೆರೆಯಿರಿ. ಹಿಂಬದಿ ಸೈಟ್‌ನ ತೂತಿನ ನಟ್ಟನಡುವೆ ಮುಂದಿನ ವೃತ್ತ ಕಾಣಬೇಕು. ಕೆಳಗೆ ಕಂಡರೆ ಚೀಕ್‌ಪೀಸ್ ಏರಿಸಿ, ಮೇಲೆ ಕಂಡರೆ ಇಳಿಸಿ.

4. ಟ್ರಿಗರ್. ಎರಡು ಹಂತದ ಟ್ರಿಗರ್ ಇರಲಿ. ಮೊದಲ ಎಳೆತ ಒಂದು ಜಾಗದಲ್ಲಿ ತಡೆದು ನಿಲ್ಲುತ್ತದೆ, ಅಲ್ಲಿಂದ ಕೂದಲೆಳೆಯಷ್ಟು ಒತ್ತಿದರೆ ಗುಂಡು ಹೊರಡುತ್ತದೆ. ಸುಮಾರು 100 ಗ್ರಾಂ ಒತ್ತಡಕ್ಕೆ ಹೊಂದಿಸುವುದು ವಾಡಿಕೆ. ತಡೆಯ ಜಾಗ ಸ್ಪಷ್ಟವಾಗಿ ಬೆರಳಿಗೆ ಸಿಗದಿದ್ದರೆ ಒತ್ತಡ ಸ್ವಲ್ಪ ಹೆಚ್ಚಿಸಿ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಅಳತೆಗಳನ್ನು ಪುಸ್ತಕದಲ್ಲಿ ಬರೆದಿಡಿ. ಜಾಕೆಟ್ ಕೊಳ್ಳುವಾಗಲೂ ಬಟ್ಟೆಯ ದಪ್ಪ ಒಂದು ಪದರಕ್ಕೆ 2.5 ಮಿ.ಮೀ. ಮೀರಬಾರದೆಂಬ ನಿಯಮ ನೆನಪಿರಲಿ.

ಹಂತ 5: ಸೈಟ್

ಹಿಂದೆ ಸಣ್ಣ ತೂತಿನ ಡಯಾಪ್ಟರ್, ಮುಂದೆ ಕೊಳವೆಯೊಳಗೊಂದು ವೃತ್ತ, ಆಚೆ ಗುರಿಯ ಕಪ್ಪು. ಮೂರೂ ಒಂದರೊಳಗೊಂದು ಕೂತರೆ ಗುರಿ ಸರಿ. ಕಪ್ಪು ಭಾಗದ ವ್ಯಾಸ 30.5 ಮಿ.ಮೀ. ಮುಂದಿನ ವೃತ್ತ ತೀರ ಚಿಕ್ಕದಾದರೆ ಕಪ್ಪಿನ ಸುತ್ತ ಬಿಳಿ ಉಳಿಯುವುದಿಲ್ಲ. ಕಪ್ಪು ಎತ್ತ ಸರಿಯಿತೆಂದು ಕಣ್ಣಿಗೆ ತಿಳಿಯುವುದೂ ಇಲ್ಲ. ಕಲಿಯುವವರು 4 ಮಿ.ಮೀ. ಇಲ್ಲವೇ ತುಸು ದೊಡ್ಡ ವೃತ್ತ ಹಾಕಿಕೊಂಡರೆ ಮನಸ್ಸಿಗೂ ನಿರಾಳ.

ಕಣ್ಣಿನ ನೋಟ ಮುಂದಿನ ವೃತ್ತದ ಮೇಲೆ ನೆಟ್ಟಿರಲಿ, ಗುರಿ ಕೊಂಚ ಮಸುಕಾದರೂ ಅಡ್ಡಿಯಿಲ್ಲ. ಎರಡು ಸೈಟ್‌ಗಳ ನಡುವೆ ಮುಕ್ಕಾಲು ಮೀಟರ್ ಇದ್ದರೆ, ಮುಂದಿನ ವೃತ್ತ 0.2 ಮಿ.ಮೀ. ಸರಿದರೂ ಗುಂಡು ಎರಡೂವರೆ ಮಿ.ಮೀ. ಆಚೆ ಬೀಳುತ್ತದೆ. ಹತ್ತು ಅಂಕ ಕೈತಪ್ಪಲು ಅಷ್ಟು ಸಾಕು. ಇನ್ನೊಂದು ಕಣ್ಣನ್ನು ಮುಚ್ಚಬೇಡಿ, ಮುಖದ ಸ್ನಾಯು ಬಿಗಿಯುತ್ತದೆ. ಅದರ ಮುಂದೆ 30 ಮಿ.ಮೀ. ಅಗಲ ಮೀರದ ತೆಳುಪಟ್ಟಿ ಸಿಕ್ಕಿಸಿಕೊಳ್ಳಿ.

ಸೈಟ್ ತಿದ್ದುವ ಮುನ್ನ ಕನಿಷ್ಠ ಐದು ಗುಂಡು ಹೊಡೆದು ಗುಂಪು ನೋಡಿ, ಒಂದೇ ಗುಂಡನ್ನು ನಂಬಿ ತಿರುಪು ತಿರುಗಿಸಬೇಡಿ. ಗುಂಡು ಎತ್ತ ಸರಿಯಬೇಕೋ ಅತ್ತಲೇ ಹಿಂಬದಿ ಸೈಟನ್ನು ಸರಿಸಬೇಕು. ಹತ್ತು ಕ್ಲಿಕ್ ತಿರುಗಿಸಿ ಗುಂಪು ಎಷ್ಟು ಸರಿಯಿತೆಂದು ಅಳೆದರೆ ನಿಮ್ಮ ಸೈಟ್‌ನ ಒಂದು ಕ್ಲಿಕ್ಕಿನ ಬೆಲೆ ಗೊತ್ತಾಗುತ್ತದೆ. ಬೀಜಿಂಗ್ ಫೈನಲ್‌ಗೆ ಮುಂಚಿನ ಪರೀಕ್ಷಾ ಹೊಡೆತಗಳಲ್ಲಿ ತಮ್ಮ ಸೈಟ್ ಹದ ತಪ್ಪಿದ್ದು ಕಂಡ ಬಿಂದ್ರಾ, ಇರುವ ಕೆಲವೇ ನಿಮಿಷಗಳಲ್ಲಿ ಅದನ್ನು ಸರಿಪಡಿಸಿಕೊಂಡು, ಕೊನೆಯ ಹೊಡೆತದಲ್ಲಿ 10.8 ಗಳಿಸಿ ಗೆದ್ದರು. ಸೈಟ್‌ನ ಲೆಕ್ಕ ಬೆರಳ ತುದಿಯಲ್ಲಿದ್ದವರಿಗಷ್ಟೇ ಅಂಥ ಹೊತ್ತಿನಲ್ಲಿ ಕೈ ನಡುಗದು.

ಹಂತ 6: ನಿಲುವು ಮತ್ತು ಹೊಡೆತ

ಇದು ಬಲಗೈಯವರಿಗೆ, ಎಡಗೈಯವರು ಬದಿ ಬದಲಿಸಿಕೊಳ್ಳಲಿ. ಎಡ ಮಗ್ಗುಲು ಗುರಿಯ ಕಡೆ ಮಾಡಿ, ಪಾದಗಳನ್ನು ಭುಜದಷ್ಟು ಅಗಲಿಸಿ ನಿಲ್ಲಿ. ಎಡ ಮೊಣಕೈ ಸೊಂಟದ ಮೂಳೆಯ ಮೇಲೋ ಪಕ್ಕೆಲುಬಿನ ಮೇಲೋ ಊರಿರಲಿ. ರೈಫಲ್‌ನ ಭಾರ ಅಂಗೈಯಿಂದ ಮುಂಗೈಗೆ, ಅಲ್ಲಿಂದ ಸೊಂಟಕ್ಕೆ, ಕಾಲಿಗೆ ಮೂಳೆಗಳ ಮೂಲಕವೇ ಇಳಿಯಬೇಕು. ಸ್ನಾಯು ಹೊತ್ತರೆ ಇಪ್ಪತ್ತನೇ ಹೊಡೆತಕ್ಕೇ ನಡುಕ ಶುರು. ವೀಲ್‌ಚೇರ್‌ನಲ್ಲಿ ಕೂತೇ ಹೊಡೆದು ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಅವನಿ ಲೇಖರಾ ಅವರನ್ನು ನೋಡಿದರೆ, ತೋಳ್ಬಲಕ್ಕಿಂತ ಅಲುಗದ ಆಸರೆ ದೊಡ್ಡದೆಂದು ಅರ್ಥವಾಗುತ್ತದೆ.

ಈಗ ಸಹಜ ಗುರಿಯ ಪರೀಕ್ಷೆ. ರೈಫಲ್ ಹಿಡಿದು ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು, ಮೈ ಸಡಿಲಿಸಿ, ಕಣ್ಣು ತೆರೆಯಿರಿ. ಸೈಟ್ ಗುರಿಯ ಎಡಕ್ಕೋ ಬಲಕ್ಕೋ ನಿಂತಿದ್ದರೆ ಕೈಯಿಂದ ಎಳೆದು ತರಬೇಡಿ, ಪಾದ ಸರಿಸಿ. ಕೈಯಿಂದ ಎಳೆದದ್ದು ಟ್ರಿಗರ್ ಒತ್ತುವ ಕ್ಷಣದಲ್ಲಿ ಮರಳಿ ತನ್ನ ಜಾಗಕ್ಕೇ ಹೋಗುತ್ತದೆ.

ಹೊಡೆಯುವಾಗ ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ಮೊದಲ ಹಂತದ ಟ್ರಿಗರ್ ಎಳೆದು ಕಾಯಿರಿ. ಸೈಟ್ ಕಪ್ಪಿನ ಮೇಲೆ ನೆಲೆಗೊಂಡ ಐದೆಂಟು ಸೆಕೆಂಡುಗಳಲ್ಲಿ ಬೆರಳನ್ನು ನೇರ ಹಿಂದಕ್ಕೆ ಒತ್ತಿ. ಹತ್ತು ಸೆಕೆಂಡ್ ದಾಟಿದರೆ ರೈಫಲ್ ಇಳಿಸಿ ಮತ್ತೆ ಶುರು ಮಾಡಿ. ಕಣ್ಣಿಗೂ ಮಿದುಳಿಗೂ ಅಷ್ಟರಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ. ಗುಂಡು ಹೊರಟ ಮೇಲೂ ಒಂದೆರಡು ಸೆಕೆಂಡ್ ಹಾಗೇ ಇರಿ, ಟ್ರಿಗರ್ ಬಿಡಬೇಡಿ, ತಲೆ ಎತ್ತಬೇಡಿ. ಗುಂಡು ನಳಿಗೆಯಲ್ಲಿರುವಾಗ ಆಗುವ ಚೂರು ಅಲುಗಾಟವೂ ಗುರಿಯಲ್ಲಿ ಕಾಣುತ್ತದೆ.

ಗುಂಪು ಹೇಳುವ ಮಾತನ್ನು ಓದಿ. ತೂತುಗಳು ಮೇಲೆ–ಕೆಳಗೆ ಸಾಲಾಗಿದ್ದರೆ ಉಸಿರಾಟ ಅಥವಾ ಭುಜದ ಮೇಲಿನ ಬಟ್‌ನ ಸ್ಥಾನ ಪ್ರತಿ ಸಲ ಬದಲಾಗುತ್ತಿದೆ. ಅಡ್ಡಕ್ಕೆ ಹರಡಿದ್ದರೆ ಪಾದದ ಸ್ಥಾನವನ್ನೂ ಟ್ರಿಗರ್ ಬೆರಳನ್ನೂ ಪರೀಕ್ಷಿಸಿ. ಗುಂಪು ಚಿಕ್ಕದಾಗಿದ್ದು ಕೇಂದ್ರದಿಂದ ದೂರವಿದ್ದರೆ ಮಾತ್ರ ಅದು ಸೈಟ್‌ನ ಕೆಲಸ.

ಹಂತ 7: ದಿನದ ಅಭ್ಯಾಸ

ಮೊದಲ ವಾರಗಳಲ್ಲಿ ರೈಫಲ್‌ನ ಮುಂಭಾಗವನ್ನು ಸ್ಟ್ಯಾಂಡ್ ಮೇಲೆ ಊರಿ ಸೈಟ್ ಮತ್ತು ಟ್ರಿಗರ್ ಎರಡನ್ನೇ ಕಲಿಯಿರಿ. ಆಮೇಲೆ ಡ್ರೈ ಫೈರಿಂಗ್, ಅಂದರೆ ಗುಂಡಿಲ್ಲದೆ ಹೊಡೆಯುವ ಅಭ್ಯಾಸ. ಸ್ಪರ್ಧೆಯ ಪಿಸಿಪಿ ರೈಫಲ್‌ಗಳಲ್ಲಿ ಇದಕ್ಕೆಂದೇ ಸೌಲಭ್ಯವಿದೆ. ಗೋಡೆಯ ಮೇಲೆ ಬಿಳಿ ಹಾಳೆ ಅಂಟಿಸಿ, ಟ್ರಿಗರ್ ಬಿಟ್ಟ ಕ್ಷಣದಲ್ಲಿ ಮುಂದಿನ ವೃತ್ತ ಹಾರಿತೇ, ನಿಂತಿತೇ ಎಂದಷ್ಟೇ ಗಮನಿಸಿ. ಸ್ಪ್ರಿಂಗ್ ರೈಫಲ್ಲನ್ನು ಮಾತ್ರ ಬರಿದೇ ಹೊಡೆಯಬೇಡಿ, ಪಿಸ್ಟನ್‌ನ ಸೀಲ್ ಹಾಳಾಗುತ್ತದೆ.

ಹಣ ಎಲ್ಲಿಗೆ ಮೊದಲು?

ಅನುಕ್ರಮ ಹೀಗಿರಲಿ: ಮೊದಲು ಒಳ್ಳೆಯ ಕೋಚ್, ನಂತರ ಮೈಗೆ ಸರಿಯಾದ ಜಾಕೆಟ್ ಮತ್ತು ಶೂ, ಆಮೇಲೆ ಧಾರಾಳವಾಗಿ ಪೆಲೆಟ್, ಕೊನೆಗೆ ಸ್ವಂತ ರೈಫಲ್. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಮಾನ್ಯತೆ ಇರುವ ಕ್ಲಬ್ಬಿಗೆ ಸೇರಿದರೆ ರಾಜ್ಯ ಮಟ್ಟದ ಸ್ಪರ್ಧೆ, ಅಲ್ಲಿಂದ ಜಿ.ವಿ. ಮಾವಳಂಕರ್ ಟೂರ್ನಿ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ವರೆಗೆ ದಾರಿ ಇದೆ. ಮೊದಲ ಆರು ತಿಂಗಳು ಕ್ಲಬ್ಬಿನ ರೈಫಲ್‌ನಲ್ಲೇ ಕಲಿಸಿ. ಅಷ್ಟರಲ್ಲಿ ಬಟ್ ಎಷ್ಟು ಉದ್ದ ಬೇಕು, ಕೆನ್ನೆ ಎಲ್ಲಿ ಕೂರಬೇಕು, ಎಷ್ಟು ತೂಕ ತಾಳುತ್ತದೆ ಎಂಬುದು ಮಗುವಿಗೇ ತಿಳಿದಿರುತ್ತದೆ. ಆ ಅಳತೆಗಳನ್ನು ಬರೆದುಕೊಂಡು ಅಂಗಡಿಗೆ ಹೋದವರಿಗೆ ಬೆಲೆಯ ಪಟ್ಟಿ ನೋಡಿ ಗೊಂದಲವಾಗುವುದಿಲ್ಲ.